ಪೀರಿಯಡ್ ಧಾರಾವಾಹಿಯಲ್ಲಿ ಲಾಟೀನು ಸರಿ ಇದೆ, ಲೆಕ್ಕ ಬರೆಯೋರು ಎಲ್ಲಿ?

ಹಳೇ ಕಾಲದ ಕಥೆ ಹೇಳೋ ಧಾರಾವಾಹಿ ಶುರುವಾದ ಕೂಡಲೇ ನಮ್ಮ ಕಣ್ಣು ಹೋಗೋದು ಲಾಟೀನು, ಕಚ್ಚೆ ಪಂಚೆ, ಎತ್ತಿನ ಗಾಡಿ, ಹೆಂಚಿನ ಮನೆ ಕಡೆಗೆ. ಅಲ್ಲಿ ಒಂದು ಪ್ಲಾಸ್ಟಿಕ್ ಬಕೆಟ್ ಕಂಡರೆ ಸಾಕು, ಸ್ಕ್ರೀನ್‌ಶಾಟ್ ತೆಗೆದು ಟ್ರೋಲ್ ಮಾಡ್ತೀವಿ. ಆದರೆ ಆ ಕಾಲದ ಜನ ಹೊಟ್ಟೆಪಾಡಿಗೆ ಏನು ಮಾಡ್ತಿದ್ರು, ದಿನಕ್ಕೆ ಎಷ್ಟು ಹೊತ್ತು ದುಡೀತಿದ್ರು, ದುಡಿದವರ ಕೈಗೇ ದುಡ್ಡು ಬರ್ತಿತ್ತಾ ಅನ್ನೋದನ್ನ ಅಷ್ಟೇ ಕಟ್ಟುನಿಟ್ಟಾಗಿ ಯಾರೂ ಕೇಳಲ್ಲ.

ಈ ಲೇಖನ ಆ ಪ್ರಶ್ನೆಗಳನ್ನ ಕೇಳೋಕೆ ಒಂದು ಕೈಪಿಡಿ. ಉದಾಹರಣೆಗಳು ಬೇರೆ ಬೇರೆ ಕಡೆಯಿಂದ ಬರುತ್ತವೆ. ನಡುವಿನ ಕಂಬ ಮಾತ್ರ ಹಾಸನ ಜಿಲ್ಲೆಯದು. ಕನ್ನಡದಲ್ಲಿ ಹಳೇ ಕಾಲದ ಕೆಲಸವನ್ನೇ ಕಥೆಯ ಬೆನ್ನೆಲುಬಾಗಿ ಇಟ್ಟುಕೊಂಡ ಧಾರಾವಾಹಿಯ ಮೂಲ ಇರೋದು ಚನ್ನರಾಯಪಟ್ಟಣ ತಾಲ್ಲೂಕಿನ ಒಬ್ಬ ಲೇಖಕರ ಕಾದಂಬರಿಯಲ್ಲಿ.

ವಸ್ತು ಸರಿ ಇದ್ದರೆ ಸಾಕಾ?

'ನೈಜತೆ' ಅನ್ನೋ ಮಾತಲ್ಲಿ ಎರಡು ಬೇರೆ ಸಂಗತಿಗಳಿವೆ. ಒಂದು, ವಸ್ತುಗಳ ನೈಜತೆ: ಮೇಜು, ಪೆನ್ನು, ಬಟ್ಟೆ, ವಾಹನ. ಇನ್ನೊಂದು, ಕೆಲಸದ ನೈಜತೆ: ಯಾರು ಯಾರಿಗೆ ಆಜ್ಞೆ ಮಾಡ್ತಾರೆ, ತಪ್ಪಾದರೆ ಯಾರ ಕುತ್ತಿಗೆಗೆ ಬರುತ್ತೆ, ಸಂಬಳ ಯಾವಾಗ ಬರುತ್ತೆ, ಯಾರಿಗೆ ಒಳಗೆ ಬರೋಕೇ ಬಿಡಲ್ಲ.

ಮೊದಲನೆಯದರ ಬಗ್ಗೆ ಜಗತ್ತಿನಲ್ಲೇ ಅತಿ ಹೆಚ್ಚು ತಲೆಕೆಡಿಸಿಕೊಂಡ ಸರಣಿಗಳಲ್ಲಿ ಅಮೆರಿಕದ 'ಮ್ಯಾಡ್ ಮೆನ್' (2007–2015) ಒಂದು. ನ್ಯೂಯಾರ್ಕಿನ ಜಾಹೀರಾತು ಕಂಪನಿಯೊಂದರ ಕಥೆ. ಅದು ಶುರುವಾಗೋದು 1960ರಲ್ಲಿ, ಆದರೆ ಟೈಪಿಸ್ಟ್‌ಗಳ ಮುಂದೆ ಇರೋ ಐಬಿಎಂ ಸೆಲೆಕ್ಟ್ರಿಕ್ ಟೈಪ್‌ರೈಟರ್ ಮಾರುಕಟ್ಟೆಗೆ ಬಂದದ್ದು 1961ರಲ್ಲಿ. ವೀಕ್ಷಕರು ಇದನ್ನ ಹಿಡಿದುಬಿಟ್ಟರು. ಸರಿ, ತಪ್ಪು ತಪ್ಪೇ. ಆದರೂ ಟೈಪಿಸ್ಟ್ ಹುಡುಗಿಯರನ್ನ ಆ ಆಫೀಸಿನ ಗಂಡಸರು ಹೇಗೆ ನೋಡ್ತಿದ್ರು, ಒಬ್ಬ ಸೆಕ್ರೆಟರಿ ಕಾಪಿರೈಟರ್ ಆಗೋಕೆ ಎಷ್ಟು ಅವಮಾನ ನುಂಗಬೇಕಿತ್ತು ಅನ್ನೋದನ್ನ ಆ ಸರಣಿ ಬಿಡದೆ ತೋರಿಸಿತು. ಟೈಪ್‌ರೈಟರ್ ಒಂದು ವರ್ಷ ಮುಂಚೆ ಬಂದಿತ್ತು ಅಂತ ಅದರ ಕೆಲಸದ ಸತ್ಯ ಸುಳ್ಳಾಗಲಿಲ್ಲ.

ವಸ್ತು ಸರಿ ಇದ್ದೂ ಅರ್ಥ ತಪ್ಪಾಗೋದೂ ಉಂಟು. ಆಪಲ್ ಅನ್ನೋ ನಮ್ಮ ಸಂಪರ್ಕ ಉಪಗ್ರಹ (ಉಡಾವಣೆ 1981) ಎತ್ತಿನ ಗಾಡಿ ಮೇಲೆ ಕೂತ ಫೋಟೋ ನೆನಪಿದೆಯಲ್ಲ? ಅದನ್ನ 'ಬಡತನದಲ್ಲೂ ಸಾಧನೆ' ಅಂತ ಹಂಚಿಕೊಳ್ತೀವಿ. ನಿಜವಾದ ಕಾರಣ ಆಂಟೆನಾ ಪರೀಕ್ಷೆ. ಲೋಹದ ವಾಹನ ಆ ಪರೀಕ್ಷೆಗೆ ಅಡ್ಡಿಯಾಗುತ್ತಿತ್ತು, ಮರದ ಗಾಡಿ ಆಗ್ತಿರಲಿಲ್ಲ. ಫೋಟೋದಲ್ಲಿರೋದು ಒಂದು ಎಂಜಿನಿಯರಿಂಗ್ ತೀರ್ಮಾನ. ಹಿಂದಿನ ಕೆಲಸವನ್ನ ದೃಶ್ಯವಾಗಿ ಮಾತ್ರ ನೋಡಿದರೆ ಅದರ ಹಿಂದಿನ ಬುದ್ಧಿ ಕಾಣಿಸಲ್ಲ.

'ಗೃಹಭಂಗ': ಅಡುಗೆಮನೆ ಪಕ್ಕದ ಒಂದು ಆಫೀಸು

ಎಸ್.ಎಲ್. ಭೈರಪ್ಪ ಹುಟ್ಟಿದ್ದು ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ, 1931ರಲ್ಲಿ. ತೀರಿಕೊಂಡದ್ದು 2025ರ ಸೆಪ್ಟೆಂಬರ್‌ನಲ್ಲಿ. ಅವರ ರಾಜಕೀಯ ನಿಲುವುಗಳ ಬಗ್ಗೆ ಈ ಪುಟ ಓದೋ ಅನೇಕರಿಗೆ ತೀವ್ರ ತಕರಾರುಗಳಿವೆ, ಅದು ಬೇರೆ ಚರ್ಚೆ. 1970ರಲ್ಲಿ ಬಂದ 'ಗೃಹಭಂಗ' ಮಾತ್ರ ಹಳೇ ಮೈಸೂರಿನ ಹಳ್ಳಿಯ ಕಂದಾಯ ಕೆಲಸ ಒಂದು ಮನೆಯೊಳಗೆ ಹೇಗೆ ನಡೀತಿತ್ತು ಅನ್ನೋದಕ್ಕೆ ನಮಗೆ ಸಿಗೋ ಅತ್ಯಂತ ವಿವರವಾದ ಚಿತ್ರಗಳಲ್ಲಿ ಒಂದು. ಕಥೆ ನಡೆಯೋದು ಚನ್ನರಾಯಪಟ್ಟಣ–ತಿಪಟೂರು ಸೀಮೆಯಲ್ಲಿ, ಕಳೆದ ಶತಮಾನದ 20ರ ದಶಕದಿಂದ 40ರ ದಶಕದವರೆಗೆ. 2000ದ ದಶಕದಲ್ಲಿ ಗಿರೀಶ್ ಕಾಸರವಳ್ಳಿ ಇದನ್ನ ಈಟಿವಿ ಕನ್ನಡಕ್ಕೆ ಧಾರಾವಾಹಿಯಾಗಿ ನಿರ್ದೇಶಿಸಿದರು.

ಕಥೆಯ ತಿರುಳು ಇಷ್ಟು. ಚೆನ್ನಿಗರಾಯ ವಂಶಪಾರಂಪರ್ಯವಾಗಿ ಬಂದ ಶಾನುಭೋಗ. ಆದರೆ ಅವನಿಗೆ ಲೆಕ್ಕ ಬರೆಯೋಕೆ ಬರಲ್ಲ, ಕಲಿಯೋ ಮನಸ್ಸೂ ಇಲ್ಲ. ಹೆಂಡತಿ ನಂಜಮ್ಮ ಕಲಿಯುತ್ತಾಳೆ, ಬರೆಯುತ್ತಾಳೆ. ಸಹಿ ಗಂಡನದು. ವರ್ಷದ ಸಂಭಾವನೆ ಸೇರೋದು ಗಂಡನ ಕೈ. ಅದೂ ಸಾಲದೆ ಅವಳು ಮುತ್ತುಗದ ಎಲೆ ಹಚ್ಚಿ ಮಾರಿ ಮನೆ ನಡೆಸುತ್ತಾಳೆ. ಪ್ಲೇಗು ಬಂದು ಮಕ್ಕಳನ್ನ ಕಿತ್ತುಕೊಳ್ಳುತ್ತೆ, ಕೊನೆಗೆ ಅವಳನ್ನೂ.

ಕೆಲಸದ ಕಣ್ಣಲ್ಲಿ ನೋಡಿದರೆ ಇದು ಬಹಳ ಅಪರೂಪದ ಕಥೆ. ಸರ್ಕಾರಿ ದಾಖಲೆಯಲ್ಲಿ ಹೆಸರು ಒಬ್ಬರದು, ಕೆಲಸ ಇನ್ನೊಬ್ಬರದು. ಆ ಊರಿನ ಕಂದಾಯದ ಪುಸ್ತಕ ಮಾತ್ರ ಇಟ್ಟುಕೊಂಡು ಯಾರಾದರೂ ಇತಿಹಾಸ ಬರೆದರೆ ನಂಜಮ್ಮ ಇರೋದೇ ಇಲ್ಲ. ಅಂದರೆ ಇಲ್ಲಿ ಕಥೆ ದಾಖಲೆಗಿಂತ ಹೆಚ್ಚು ನೈಜ. ಭೈರಪ್ಪನವರ ತಾಯಿಯೂ ಒಡಹುಟ್ಟಿದವರೂ ಪ್ಲೇಗಿಗೆ ಬಲಿಯಾದವರು. ಅವರ ಆತ್ಮಕಥೆ 'ಭಿತ್ತಿ' ಓದಿದವರಿಗೆ ಕಾದಂಬರಿಯ ಹಲವು ಎಳೆಗಳು ಅವರ ಬಾಲ್ಯದ್ದೇ ಅಂತ ಗೊತ್ತಾಗುತ್ತೆ.

ಕಾಸರವಳ್ಳಿಯವರಿಗೂ ಇದು ಹೊಸ ವಸ್ತುವಲ್ಲ. ಪೂರ್ಣಚಂದ್ರ ತೇಜಸ್ವಿಯವರ ಕಥೆ ಆಧರಿಸಿದ ಅವರ 'ತಬರನ ಕಥೆ' ಸಿನಿಮಾ, ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯೋ ಮುದುಕನ ಕಥೆ. ಅಲ್ಲಿ ಕಚೇರಿ ಕಾಣೋದು ಹೊರಗೆ ನಿಂತು ಕಾಯುವವನ ಕಣ್ಣಿಂದ. 'ಗೃಹಭಂಗ'ದಲ್ಲಿ ಕಾಣೋದು ಒಳಗೆ ಕೂತು ಬರೆಯುವವಳ ಕಣ್ಣಿಂದ.

ಶಾನುಭೋಗಿಕೆ ಅಂದರೆ ನಿಜಕ್ಕೂ ಏನು ಕೆಲಸ?

ಧಾರಾವಾಹಿಗಳಲ್ಲಿ ಶಾನುಭೋಗ ಅಂದರೆ ಕನ್ನಡಕ ಹಾಕಿಕೊಂಡ, ಗೌಡರ ಪಕ್ಕ ನಿಂತು ಪಿಸುಗುಡೋ ಮನುಷ್ಯ. ನಿಜದಲ್ಲಿ ಅವನು ಊರಿನ ಡೇಟಾಬೇಸ್ ಆಗಿದ್ದ. ಯಾವ ಸರ್ವೆ ನಂಬರಿನಲ್ಲಿ ಯಾರು ಉಳುತ್ತಿದ್ದಾರೆ, ಏನು ಬೆಳೆ, ಎಷ್ಟು ಕಂದಾಯ, ಎಷ್ಟು ವಸೂಲಿ, ಎಷ್ಟು ಬಾಕಿ, ಖಾತೆ ಯಾರಿಂದ ಯಾರಿಗೆ ಬದಲಾಯಿತು ಅನ್ನೋದೆಲ್ಲ ಅವನ ಪುಸ್ತಕದಲ್ಲಿ. ಖಾನೇಷುಮಾರಿ ಬಂದರೆ ಜನರ ಎಣಿಕೆಯೂ ಅವನ ತಲೆಗೇ. ಹಣ ವಸೂಲಿ ಮಾಡೋ ಜವಾಬ್ದಾರಿ ಪಟೇಲನದು, ಲೆಕ್ಕ ಶಾನುಭೋಗನದು. ಹೋಬಳಿಗೆ ಶೇಕ್ದಾರ, ತಾಲ್ಲೂಕಿಗೆ ಅಮಲ್ದಾರ. ವರ್ಷಕ್ಕೊಮ್ಮೆ ಜಮಾಬಂದಿ, ಅಂದರೆ ಮೇಲಿನ ಅಧಿಕಾರಿಗಳು ಊರಿನ ಲೆಕ್ಕ ತಪಾಸಣೆ ಮಾಡೋದು. ಆ ಹೊತ್ತಿಗೆ ಪುಸ್ತಕ ತಯಾರಿಲ್ಲದಿದ್ದರೆ ಶಾನುಭೋಗಿಕೆಗೇ ಕುತ್ತು.

ಉಪಕರಣ ಅಂದರೆ ಲೆಕ್ಕಣಿಕೆ, ಮಸಿ, ಕಾಗದ, ಗೆರೆ ಹಾಕೋಕೆ ಒಂದು ರೂಲುದೊಣ್ಣೆ. ಅಚ್ಚಾದ ನಮೂನೆ ಇಲ್ಲದ ಕಡೆ ಪ್ರತಿ ಹಾಳೆಗೂ ಕೈಯಲ್ಲೇ ಕಂಬಸಾಲು ಎಳೆಯಬೇಕು. ಆಮೇಲೆ ಶುರುವಾಗೋದು ಗಣಿತ. 1957ರ ಏಪ್ರಿಲ್‌ನಲ್ಲಿ ದಶಮಾಂಶ ನಾಣ್ಯ ಬರೋವರೆಗೆ ಒಂದು ರೂಪಾಯಿಗೆ 16 ಆಣೆ, ಒಂದು ಆಣೆಗೆ 12 ಪೈ. ನೆಲದ ಅಳತೆಯಲ್ಲಿ ಒಂದು ಎಕರೆಗೆ 40 ಗುಂಟೆ, ಒಂದು ಗುಂಟೆಗೆ 16 ಆಣೆ.

ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಒಬ್ಬ ರೈತನ ಎರಡು ತುಂಡು ಜಮೀನಿಗೆ ಕಂದಾಯ 3 ರೂಪಾಯಿ 11 ಆಣೆ 9 ಪೈ, ಮತ್ತೆ 2 ರೂಪಾಯಿ 7 ಆಣೆ 6 ಪೈ. ಪೈ ಕೂಡಿದರೆ 15, ಅಂದರೆ 1 ಆಣೆ 3 ಪೈ. ಆಣೆ ಕೂಡಿದರೆ, ಕೈಲಿರೋ 1 ಸೇರಿ 19, ಅಂದರೆ 1 ರೂಪಾಯಿ 3 ಆಣೆ. ಒಟ್ಟು 6 ರೂಪಾಯಿ 3 ಆಣೆ 3 ಪೈ. ಇದನ್ನ ಊರಿನ ಪ್ರತಿ ಖಾತೆದಾರನಿಗೂ ಮಾಡಬೇಕು, ಕೊನೆಯ ಮೊತ್ತ ತಾಲ್ಲೂಕಿನ ಪುಸ್ತಕಕ್ಕೆ ತಾಳೆಯಾಗಬೇಕು. ಕೋಡಿಂಗ್ ಮಾಡಿದವರಿಗೆ ಗೊತ್ತಿರುತ್ತೆ, 12, 16, 40ರ ಮೂರು ಬೇರೆ ಬೇರೆ ಮಾನಗಳಲ್ಲಿ ತಪ್ಪಿಲ್ಲದೆ ಕೂಡಿಸೋದು ಸುಮ್ಮನೆ ಮಾತಲ್ಲ. ನಂಜಮ್ಮನಂಥವಳು ಇದನ್ನ ಮಾಡ್ತಿದ್ದದ್ದು ಒಲೆ, ಮಕ್ಕಳು, ಅತ್ತೆಯ ಬೈಗುಳದ ನಡುವೆ. ಹಳ್ಳಿಯ 'ಆಫೀಸು' ಅಂದರೆ ಇದೇ. ಅದಕ್ಕೆ ಬೇರೆ ಕಟ್ಟಡ ಇರಲಿಲ್ಲ, ಕೆಲಸದ ಹೊತ್ತು ಅಂತ ಇರಲಿಲ್ಲ, ರಜೆಯೂ ಇರಲಿಲ್ಲ.

ಈ ವ್ಯವಸ್ಥೆಯಲ್ಲಿ ಇನ್ನೂ ಕೆಳಗೆ ಇದ್ದವರು ತಳವಾರ, ತೋಟಿ, ನೀರುಗಂಟಿ. ಊರು ಕಾಯೋದು, ಓಲೆ ಒಯ್ಯೋದು, ಕೆರೆ ತೂಬು ಎತ್ತೋದು ಇವರ ಕೆಲಸ. ಇದೂ ಹುಟ್ಟಿನಿಂದ ಅಂಟಿಕೊಂಡು ಬಂದದ್ದು, ಹೆಚ್ಚಿನ ಕಡೆ ದಲಿತರ ಮತ್ತು ಹಿಂದುಳಿದವರ ಹೆಗಲಿಗೆ. ಮೈಸೂರು ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1961ರಲ್ಲಿ ಆಯಿತು, ಜಾರಿಗೆ ಬಂದದ್ದು 1963ರ ಫೆಬ್ರವರಿ 1ರಂದು. ಅವತ್ತಿಗೆ ಶಾನುಭೋಗ, ಪಟೇಲರಿಂದ ಹಿಡಿದು ತೋಟಿ ತಳವಾರರವರೆಗೆ ವಂಶಪಾರಂಪರ್ಯದ ಹುದ್ದೆಗಳು ಕಾನೂನಿನಲ್ಲಿ ಮುಗಿದವು. ಆಮೇಲೆ ಬಂದವರು ನೇಮಕಾತಿಯಾದ, ಸಂಬಳದ ಗ್ರಾಮ ಲೆಕ್ಕಿಗರು. ಈ ದೊಡ್ಡ ಬದಲಾವಣೆಯ ಮೇಲೆ ಎಷ್ಟು ಕಥೆ ಹೆಣೆಯಬಹುದು ಯೋಚಿಸಿ. ನಮ್ಮ ಧಾರಾವಾಹಿಗಳಲ್ಲಿ ಶಾನುಭೋಗ ಇರ್ತಾನೆ, ತೋಟಿ ದೃಶ್ಯದ ಅಂಚಿನಲ್ಲಿ ಕೈಮುಗಿದು ನಿಂತಿರ್ತಾನೆ. ಅವನ ದಿನ ಹೇಗಿತ್ತು ಅಂತ ಕ್ಯಾಮೆರಾ ಹಿಂಬಾಲಿಸಿ ಹೋಗೋದು ಬಹಳ ಅಪರೂಪ.

'ಮಾಲ್ಗುಡಿ ಡೇಸ್': ಊರು ಕಲ್ಪನೆಯದು, ಕೆಲಸ ನಿಜದ್ದು

ಆರ್.ಕೆ. ನಾರಾಯಣ್ ಕಥೆಗಳನ್ನ ಆಧರಿಸಿ ಶಂಕರ್ ನಾಗ್ ಮಾಡಿದ 'ಮಾಲ್ಗುಡಿ ಡೇಸ್' 1986ರಿಂದ ದೂರದರ್ಶನದಲ್ಲಿ ಬಂತು. ಚಿತ್ರೀಕರಣ ಹೆಚ್ಚಾಗಿ ಆಗುಂಬೆಯಲ್ಲಿ. ನೆನಪಲ್ಲಿ ಉಳಿದಿರೋದು ಸ್ವಾಮಿ ಮತ್ತವನ ಗೆಳೆಯರು, ಮಳೆ, ಎಲ್. ವೈದ್ಯನಾಥನ್ ಸಂಗೀತ. ಆದರೆ ಕಥೆಗಳ ಪಟ್ಟಿ ತೆಗೆದು ನೋಡಿದರೆ ಅದು ಕೆಲಸಗಾರರ ಸರಣಿ: ಪೋಸ್ಟ್‌ಮ್ಯಾನ್, ಗುಮಾಸ್ತ, ಜ್ಯೋತಿಷಿ, ಮಿಠಾಯಿ ಅಂಗಡಿಯವ.

ತಿಂಗಳಿಗೆ 40 ರೂಪಾಯಿಯ ಗುಮಾಸ್ತನ ಕಥೆ ತೆಗೆದುಕೊಳ್ಳಿ. ಮಗಳನ್ನ ಸಿನಿಮಾಗೆ ಕರೆದೊಯ್ತೀನಿ ಅಂದವನು ಆಫೀಸು ಬಿಟ್ಟು ಬರೋಕೇ ಆಗಲ್ಲ. ರಾಜೀನಾಮೆ ಕೊಡೋಕೆ ಹೋದವನಿಗೆ 5 ರೂಪಾಯಿ ಸಂಬಳ ಏರಿಕೆ ಸಿಗುತ್ತೆ, ಬಾಯಿ ಮುಚ್ಚಿಕೊಂಡು ವಾಪಸ್ ಕೂರ್ತಾನೆ. ಮಗು ಹೊಸ ಬಟ್ಟೆ ಹಾಕಿಕೊಂಡು ಕಾದು ಕಾದು ಮಲಗುತ್ತೆ. ಬೆಂಗಳೂರಿನ ಯಾವ ಟೆಕ್ ಪಾರ್ಕಿನಲ್ಲಿ ಇದು ನಡೆಯಲ್ಲ ಹೇಳಿ? ಪೋಸ್ಟ್‌ಮ್ಯಾನ್ ತಾನಪ್ಪನ ಕಥೆಯಲ್ಲಿ, ಒಂದು ಮದುವೆ ನಿಲ್ಲಬಾರದು ಅಂತ ಅವನು ಸಾವಿನ ಸುದ್ದಿಯನ್ನ ತಡೆಹಿಡಿಯುತ್ತಾನೆ. ದೂರು ಕೊಟ್ಟರೆ ತನ್ನ ಕೆಲಸ ಹೋಗುತ್ತೆ ಅಂತ ಅವನಿಗೆ ಗೊತ್ತು. ಕೆಲಸದ ನಿಯಮ ಒಂದು ಕಡೆ, ಬೀದಿಯ ಮನೆಮನೆಯ ನಂಟು ಇನ್ನೊಂದು ಕಡೆ. ಆ ಇಕ್ಕಟ್ಟು ಸಣ್ಣ ಊರಿನ ಅಂಚೆ ಕೆಲಸದ ನಿಜವಾದ ಸ್ವರೂಪ.

ಇಲ್ಲೊಂದು ಮಿತಿಯೂ ಇದೆ. ಮಾಲ್ಗುಡಿ ದೊಡ್ಡ ಮಟ್ಟಿಗೆ ಮಧ್ಯಮ ವರ್ಗದ, ಮೇಲ್ಜಾತಿಯ ಬೀದಿ. ಆ ಬೀದಿ ಗುಡಿಸೋರ ದಿನ ಅಲ್ಲಿಲ್ಲ.

'ಮಹಾನಾಯಕ': ಕಡತವನ್ನ ಯಾರು ಮುಟ್ಟಬಹುದು?

ಆ ಖಾಲಿ ಜಾಗ ತುಂಬಿದ್ದು ಒಂದು ಡಬ್ಬಿಂಗ್ ಧಾರಾವಾಹಿ. 2020ರಲ್ಲಿ ಜೀ ಕನ್ನಡದಲ್ಲಿ 'ಮಹಾನಾಯಕ ಡಾ. ಬಿ.ಆರ್. ಅಂಬೇಡ್ಕರ್' ಶುರುವಾದಾಗ ಹಳ್ಳಿಹಳ್ಳಿಗಳಲ್ಲಿ ಯುವಕರು ಅದಕ್ಕೆ ಫ್ಲೆಕ್ಸ್ ಕಟ್ಟಿದರು. ಧಾರಾವಾಹಿಯೊಂದು ಊರ ಬಾಗಿಲಲ್ಲಿ ಬ್ಯಾನರ್ ಆಗಿ ನಿಂತದ್ದು ಸಣ್ಣ ಸಂಗತಿಯಲ್ಲ.

ಅಂಬೇಡ್ಕರ್ ಬದುಕಿನಲ್ಲೇ ಹಳೇ ಕಚೇರಿಯ ಬಗ್ಗೆ ಒಂದು ಕಟು ದಾಖಲೆ ಇದೆ. ವಿದೇಶದಲ್ಲಿ ಓದಿ ಬಂದು 1917ರಲ್ಲಿ ಬರೋಡ ಸಂಸ್ಥಾನದ ಸೇವೆಗೆ ಸೇರಿದರು. ಜವಾನರು ಅವರ ಕೈಗೆ ಕಡತ ಕೊಡದೆ ಮೇಜಿನ ಮೇಲೆ ಎಸೆಯುತ್ತಿದ್ದರು ಅಂತ ಜೀವನಚರಿತ್ರೆಗಳು ಹೇಳುತ್ತವೆ. ಇರೋಕೆ ಮನೆ ಸಿಗದೆ, ತಂಗಿದ್ದ ಪಾರ್ಸಿ ವಸತಿಗೃಹದಿಂದ ಹೊರಹಾಕಿಸಿಕೊಂಡು ಊರೇ ಬಿಟ್ಟದ್ದನ್ನ ಅವರೇ ಬರೆದಿದ್ದಾರೆ. ಹುದ್ದೆ ಅಧಿಕಾರಿಯದು, ಆದರೆ ಆಫೀಸಿನಲ್ಲಿ ನಡೆಯೋದು ಜಾತಿಯ ಶ್ರೇಣಿ. 20ನೇ ಶತಮಾನದ ಮೊದಲ ಅರ್ಧದ ಯಾವ ಭಾರತೀಯ ಕಚೇರಿಯನ್ನ ತೆರೆಯ ಮೇಲೆ ತಂದರೂ ಈ ಪ್ರಶ್ನೆ ಬರಲೇಬೇಕು: ನೀರಿನ ಹೂಜಿ ಎಲ್ಲಿದೆ, ಅದನ್ನ ಯಾರು ಮುಟ್ಟಬಹುದು? ಎಲ್ಲರೂ ಒಂದೇ ಹೂಜಿಯಿಂದ ನೀರು ಕುಡಿಯೋ 1930ರ ಕಚೇರಿಯನ್ನ ತೋರಿಸಿದರೆ, ಅದು ಟೈಪ್‌ರೈಟರ್ ತಪ್ಪಿಗಿಂತ ಸಾವಿರ ಪಾಲು ದೊಡ್ಡ ತಪ್ಪು.

ನಮ್ಮ ಸೀಮೆಯ ಕಥೆಯಲ್ಲಿ ಹುಡುಕಬೇಕಾದ ತಪ್ಪುಗಳು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಲ್ಲಿ ನಡೆಯೋ 1930ರ ಕಥೆ ಅಂತ ಯಾರಾದರೂ ತೋರಿಸಿದರೆ ಇವನ್ನ ನೋಡಿ:

1. ಬಿಳಿ ಅಧಿಕಾರಿ. ಕಂದಾಯ ಕಟ್ಟದ ರೈತನಿಗೆ ಬ್ರಿಟಿಷ್ ಸಾಹೇಬ ಚಾಟಿ ಬೀಸೋದು ಎಲ್ಲ ಕಡೆ ಬಳಸೋ ದೃಶ್ಯ. ಈ ಸೀಮೆ ಮೈಸೂರು ಸಂಸ್ಥಾನದ್ದು. ಇಲ್ಲಿ ಬ್ರಿಟಿಷ್ ಕಮಿಷನರ್‌ಗಳ ನೇರ ಆಡಳಿತ ಇದ್ದದ್ದು 1831ರಿಂದ 1881ರವರೆಗೆ. ಆಮೇಲೆ ಕಂದಾಯ ಹೋಗ್ತಿದ್ದದ್ದು ಮಹಾರಾಜರ ಸರ್ಕಾರಕ್ಕೆ, ವಸೂಲಿ ಮಾಡ್ತಿದ್ದವರು ನಮ್ಮೂರಿನವರೇ. ಶೋಷಕನನ್ನ ಬಿಳಿಯನಾಗಿ ತೋರಿಸಿಬಿಟ್ಟರೆ ಊರಿನ ಶೋಷಕ ತಪ್ಪಿಸಿಕೊಳ್ತಾನೆ.

2. ಹುದ್ದೆಯ ಹೆಸರು. ಹಳೇ ಮೈಸೂರಿನಲ್ಲಿ ತಾಲ್ಲೂಕಿನ ಮುಖ್ಯಸ್ಥ ಅಮಲ್ದಾರ, ಜಿಲ್ಲೆಗೆ ಡೆಪ್ಯುಟಿ ಕಮಿಷನರ್. 'ಕಲೆಕ್ಟರ್ ಸಾಹೇಬ್ರು' ಇದ್ದದ್ದು ಧಾರವಾಡ, ಮಂಗಳೂರು ಕಡೆ. ಊರ ಲೆಕ್ಕ ಬರೆಯೋನು ಮುಂಬೈ ಕರ್ನಾಟಕದಲ್ಲಿ ಕುಲಕರ್ಣಿ, ನಿಜಾಮರ ಸೀಮೆಯಲ್ಲಿ ಪಟವಾರಿ, ಇಲ್ಲಿ ಶಾನುಭೋಗ. ಹೆಸರು ತಪ್ಪಾದರೆ ಇಡೀ ಆಡಳಿತದ ನಕ್ಷೆಯೇ ತಪ್ಪಾದ ಹಾಗೆ.

3. ರೈಲು. ಹೊಳೆನರಸೀಪುರ ಮೈಸೂರು–ಅರಸೀಕೆರೆ ರೈಲು ಹಾದಿಯ ಊರು, ಅಲ್ಲಿ ಸ್ಟೇಷನ್ ತೋರಿಸಬಹುದು. ಚನ್ನರಾಯಪಟ್ಟಣಕ್ಕೆ ರೈಲು ಬಂದದ್ದು ಈ ಶತಮಾನದಲ್ಲಿ. ಅರಕಲಗೂಡಿಗೆ ಇನ್ನೂ ಬಂದಿಲ್ಲ. ಗುಮಾಸ್ತನೊಬ್ಬ ಅರಕಲಗೂಡಿನಿಂದ ಹಾಸನಕ್ಕೆ ಕಡತ ಒಯ್ಯಬೇಕಿದ್ದರೆ ಅದು ರಸ್ತೆ ಪ್ರಯಾಣ. ಆ ಪ್ರಯಾಣದ ಹೊತ್ತೂ ಕೆಲಸದ ಭಾಗವೇ.

4. ಕೆಲಸವೇ ಇಲ್ಲದ ಕೆಲಸಗಾರ. ಮೇಜಿನ ಮೇಲೆ ಪುಸ್ತಕ ತೆರೆದಿರುತ್ತೆ, ಪೆನ್ನು ಕೈಯಲ್ಲಿರುತ್ತೆ, ಆದರೆ ಸಂಭಾಷಣೆ ಪೂರ್ತಿ ಮನೆ ಜಗಳದ್ದು.

ನಾಲ್ಕನೆಯದಕ್ಕೆ ಬರೀ ಸೋಮಾರಿತನ ಕಾರಣವಲ್ಲ. ದಿನಾ ಒಂದು ಕಂತು ಕೊಡಬೇಕಾದ ಧಾರಾವಾಹಿಗೆ ಸಂಶೋಧನೆ ಮಾಡೋಕೆ ಹೊತ್ತಿಲ್ಲ. ಒಂದೇ ಸೆಟ್‌ನಲ್ಲಿ ತಿಂಗಳುಗಟ್ಟಲೆ ಶೂಟಿಂಗ್ ಆಗಬೇಕು. ಕೆಲಸ ಅನ್ನೋದು ಸ್ವಭಾವತಃ ನಿಧಾನ, ಮಾಡಿದ್ದನ್ನೇ ಮಾಡೋದು. ಟಿಆರ್‌ಪಿಗೆ ಬೇಕಿರೋದು ದಿನಾ ಒಂದು ತಿರುವು. ಹಾಗಾಗಿ ಕೆಲಸ ಪಾತ್ರದ ವೇಷವಾಗಿ ಉಳಿಯುತ್ತೆ. ಇನ್ನೊಂದು ಕಾರಣ, 2020ರ ಲಾಕ್‌ಡೌನ್ ನಂತರ ನಮ್ಮ ಚಾನೆಲ್‌ಗಳಲ್ಲಿ ಹೆಚ್ಚಿದ ಡಬ್ಬಿಂಗ್. ಬೇರೆ ಸೀಮೆಯ ಕಚೇರಿ ಕನ್ನಡ ಮಾತಾಡುತ್ತೆ ಹೊರತು ನಮ್ಮ ಶೇಕ್ದಾರ, ನೀರುಗಂಟಿ ಅದರಲ್ಲಿ ಇರಲ್ಲ.

ಇನ್ನೂ ಯಾರೂ ತೋರಿಸದ ಕೆಲಸಗಳು

2022ರಲ್ಲಿ ಬಂದ 'ರಾಕೆಟ್ ಬಾಯ್ಸ್' ಹೋಮಿ ಭಾಭಾ, ವಿಕ್ರಂ ಸಾರಾಭಾಯ್ ಕಥೆ ಹೇಳಿತು. ಅದರಲ್ಲಿ ನಿಜ ವ್ಯಕ್ತಿಗಳ ಜೊತೆಗೆ ರಝಾ ಮೆಹದಿ ಅನ್ನೋ ಕಲ್ಪಿತ ವಿಜ್ಞಾನಿಯನ್ನ ಸೇರಿಸಿದ್ದರು, ಅದಕ್ಕೆ ಟೀಕೆಯೂ ಬಂತು. ನನ್ನ ತಕರಾರು ಬೇರೆ. ಬಾಹ್ಯಾಕಾಶದ ಕಥೆ ಅಂದರೆ ನಮಗೆ ಇಬ್ಬರು ಮೂವರು ಮಹಾಪುರುಷರ ಕಥೆ ಮಾತ್ರ. ಹಾಸನದಲ್ಲಿ 1982ರಿಂದ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. ಆ ವರ್ಷದ ಏಪ್ರಿಲ್‌ನಲ್ಲಿ ಹಾರಿದ ಇನ್‌ಸ್ಯಾಟ್-1ಎ ಸೆಪ್ಟೆಂಬರ್ ಹೊತ್ತಿಗೆ ಕೈಕೊಟ್ಟಿತು. 1983ರ ಆಗಸ್ಟ್‌ನಲ್ಲಿ ಹೋದ ಇನ್‌ಸ್ಯಾಟ್-1ಬಿ ನಿಂತಿತು. ಊರೂರಿಗೆ ದೂರದರ್ಶನ ತಲುಪಿದ್ದು ಇಂಥ ಉಪಗ್ರಹಗಳಿಂದ, ಅವನ್ನ ರಾತ್ರಿ ಹಗಲು ಪಾಳಿಯಲ್ಲಿ ಕಾಯುತ್ತಿದ್ದದ್ದು ಹಾಸನದ ಸಿಬ್ಬಂದಿ. 80ರ ದಶಕದ ಆ ಪಾಳಿ ಕೋಣೆ ಒಂದು ಒಳ್ಳೆ ಧಾರಾವಾಹಿಗೆ ಸಾಕು.

ಅರಕಲಗೂಡು ತಾಲ್ಲೂಕಿನ ಹೊಗೆಸೊಪ್ಪು ಇನ್ನೊಂದು ಕಥೆ. ಹೊಲದಿಂದ ಬಂದ ಎಲೆಯನ್ನ ಹೆಂಗಸರು ಕೂತು ಕಡ್ಡಿಗೆ ಪೋಣಿಸಬೇಕು. ಆಮೇಲೆ ಬ್ಯಾರನ್‌ನಲ್ಲಿ ದಿನಗಟ್ಟಲೆ ಬೆಂಕಿ, ರಾತ್ರಿಯೂ ಎಚ್ಚರ ಇದ್ದು ಉರಿ ನೋಡಿಕೊಳ್ಳಬೇಕು, ಶಾಖ ಹೆಚ್ಚುಕಮ್ಮಿ ಆದರೆ ವರ್ಷದ ದುಡಿಮೆ ಹೋಯಿತು. ಕೊನೆಗೆ ಬೇಲ್ ಕಟ್ಟಿ ರಾಮನಾಥಪುರದ ಹರಾಜು ಮಾರುಕಟ್ಟೆಗೆ. ಅಲ್ಲಿ ಖರೀದಿದಾರರು ದರ್ಜೆ ನೋಡಿ ಕೂಗೋ ಬೆಲೆಯ ಮೇಲೆ ಇಡೀ ಮನೆಯ ಸಾಲ ನಿಂತಿರುತ್ತೆ. ಸಕಲೇಶಪುರ ಕಡೆಯ ಕಾಫಿ ತೋಟಗಳ ಕೂಲಿ ಲೈನುಗಳು ಇನ್ನೊಂದು ಲೋಕ. ನಮ್ಮ ಧಾರಾವಾಹಿಗಳಿಗೆ ಕಾಫಿ ತೋಟ ಅಂದರೆ ಶ್ರೀಮಂತ ನಾಯಕನ ಬಂಗಲೆ.

ನೋಡುವಾಗ ಕೇಳಿಕೊಳ್ಳಬೇಕಾದ ಆರು ಪ್ರಶ್ನೆ

- ಈ ಪಾತ್ರದ ಕೆಲಸ ಏನು ಅಂತ ಹತ್ತು ಕಂತು ನೋಡಿದ ಮೇಲೆ ನೀವು ಇನ್ನೊಬ್ಬರಿಗೆ ವಿವರಿಸಬಲ್ಲಿರಾ?
- ಕೂಲಿ ಅಥವಾ ಸಂಬಳ ಎಷ್ಟು, ಯಾವಾಗ, ಯಾರ ಕೈಗೆ?
- ತಪ್ಪಾದರೆ ಏನಾಗುತ್ತೆ? ಆ ಭಯ ಪಾತ್ರದ ಮುಖದಲ್ಲಿ ಇದೆಯಾ?
- ಕೆಲಸ ಕಲಿಸಿದವರು ಯಾರು?
- ಯಾರಿಗೆ ಆ ಕೋಣೆಗೆ ಪ್ರವೇಶ ಇಲ್ಲ?
- ದಾಖಲೆಯಲ್ಲಿ ಹೆಸರಿಲ್ಲದೆ ಆ ಕೆಲಸ ಮಾಡ್ತಿರೋರು ಯಾರು?

'ಗೃಹಭಂಗ'ದ ಕಥೆ ಈ ಆರಕ್ಕೂ ಉತ್ತರ ಕೊಡುತ್ತೆ, ಐದನೆಯದಕ್ಕೆ ಸ್ವಲ್ಪ ಕಡಿಮೆ. ಅಲ್ಲಿನ ಕೇಂದ್ರ ಬ್ರಾಹ್ಮಣ ಶಾನುಭೋಗರ ಮನೆ, ತಳವಾರನ ಮನೆಯಲ್ಲ. 'ಮಹಾನಾಯಕ' ಐದನೆಯದಕ್ಕೆ ಗಟ್ಟಿಯಾಗಿ ಉತ್ತರಿಸುತ್ತೆ. ಉಳಿದ ಬಹುತೇಕ ಧಾರಾವಾಹಿಗಳು ಮೊದಲ ಪ್ರಶ್ನೆಯಲ್ಲೇ ಫೇಲ್.

ಸರಿ, ಇದರಿಂದ ಇವತ್ತು ಏನಾಗಬೇಕು?

2023ರಲ್ಲಿ ನಾರಾಯಣ ಮೂರ್ತಿ ವಾರಕ್ಕೆ 70 ಗಂಟೆ ದುಡೀರಿ ಅಂದರು. ಅದೇ ವರ್ಷ ಕರ್ನಾಟಕದಲ್ಲಿ ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿ ಆಗಿ ದಿನಕ್ಕೆ 12 ಗಂಟೆಯ ಪಾಳಿಗೆ ದಾರಿಯಾಯಿತು. 2025ರ ಶುರುವಿನಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರ 90 ಗಂಟೆಯ ಮಾತು ಬಂತು. ಇಂಥ ಮಾತು ಬಂದಾಗಲೆಲ್ಲ ಹಿಂದಿನಿಂದ ಒಂದು ದನಿ ಕೇಳಿಸುತ್ತೆ: "ನಮ್ಮ ಹಿರಿಯರು ಗಂಟೆ ನೋಡಿಕೊಂಡು ದುಡೀತಿದ್ರಾ?" ಆ ಹಿರಿಯರ ದುಡಿಮೆಯ ಚಿತ್ರ ನಮ್ಮ ತಲೆಗೆ ಬಂದಿರೋದು ದೊಡ್ಡ ಮಟ್ಟಿಗೆ ತೆರೆಯಿಂದ. ಅಲ್ಲಿ ದುಡಿಮೆ ಅಂದರೆ ಹಿನ್ನೆಲೆ ಸಂಗೀತದ ಜೊತೆ ಹದಿನೈದು ಸೆಕೆಂಡಿನ ನೇಗಿಲು. ಗಂಟೆ ನೋಡದೆ ದುಡಿದ ನಂಜಮ್ಮನ ಕೈಗೆ ಕೊನೆಗೆ ಏನು ಬಂತು ಅನ್ನೋದು ಆ ಹದಿನೈದು ಸೆಕೆಂಡಿನಲ್ಲಿ ಇರಲ್ಲ.

ಅವಳ ಲೆಕ್ಕ ಇನ್ನೂ ಮುಗಿದಿಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಅದನ್ನ ಮಾಡೋ ಹೆಂಗಸರು ದಿನಕ್ಕೆ 289 ನಿಮಿಷ ಕೊಡ್ತಾರೆ, ಗಂಡಸರು 88 ನಿಮಿಷ. ಶಾನುಭೋಗನ ಕುರ್ಚಿಯ ಇಂದಿನ ವಾರಸುದಾರರಾದ ಗ್ರಾಮ ಆಡಳಿತ ಅಧಿಕಾರಿಗಳು 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯಾದ್ಯಂತ ಮುಷ್ಕರ ಹೂಡಿದರು, 2025ರ ಫೆಬ್ರವರಿಯಲ್ಲಿ ಮತ್ತೆ ಕೂತರು. ಅವರ ದೂರು: ಕೆಲಸ ಹತ್ತಾರು ಮೊಬೈಲ್ ಆ್ಯಪ್‌ಗಳಲ್ಲಿ, ಆದರೆ ಅದಕ್ಕೆ ಬೇಕಾದ ಲ್ಯಾಪ್‌ಟಾಪ್, ಇಂಟರ್‌ನೆಟ್, ಕೂರೋಕೆ ಸರಿಯಾದ ಕಚೇರಿ ಇಲ್ಲ. ರೂಲುದೊಣ್ಣೆ ಹೋಗಿ ಆ್ಯಪ್ ಬಂದಿದೆ. ಉಪಕರಣದ ಖರ್ಚು, ಹೊತ್ತಿನ ಖರ್ಚು ಕೆಲಸ ಮಾಡೋರ ತಲೆ ಮೇಲೆ ಹಾಕೋ ಪದ್ಧತಿ ಹಾಗೇ ಇದೆ.

ಇವರ ಕಥೆಯನ್ನ ಇನ್ನು ಐವತ್ತು ವರ್ಷದ ಮೇಲೆ ಯಾರೋ ಪೀರಿಯಡ್ ಡ್ರಾಮಾ ಮಾಡ್ತಾರೆ. ಆಗ ಅವರಿಗೆ ಸಿಗೋದು ಸರ್ಕಾರಿ ಸುತ್ತೋಲೆ ಮತ್ತು ರೀಲ್ಸ್ ಮಾತ್ರ ಆಗಬಾರದು. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ನಿವೃತ್ತ ಗ್ರಾಮ ಲೆಕ್ಕಿಗರು, ಟೆಲಿಫೋನ್ ಆಪರೇಟರ್, ನೀರುಗಂಟಿ ಮನೆತನದವರು, ಸೊಪ್ಪು ಪೋಣಿಸಿದ ಅಜ್ಜಿಯರು ಇದ್ದರೆ ಮೇಲಿನ ಆರು ಪ್ರಶ್ನೆಗಳನ್ನ ಅವರಿಗೇ ಕೇಳಿ, ಅವರು ಒಪ್ಪಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿ ಇಡಿ. ಚಾನೆಲ್‌ನವರು ಹಳೇ ಲಾಟೀನನ್ನ ಬಾಡಿಗೆಗೆ ತರಬಹುದು, ಆ ಉತ್ತರಗಳು ಬಾಡಿಗೆಗೆ ಸಿಗಲ್ಲ.